ಮಾತು ಕೇಳಿದ ಬಡಗಿ
(ಮೇ 1, ಶ್ರಮಜೀವಿ ಸಂತ ಜೋಸೆಫರ ಹಬ್ಬದ ಪ್ರಬೋಧನೆ)



ಜಗದ್ಗುರು ಹನ್ನೆರಡನೇ ಪಿಯೂಸರು 1955ರಲ್ಲಿ ಇಟಲಿಯ ಕಾರ್ಮಿಕರ ಮುಂದೆ ಈ ಹಬ್ಬವನ್ನು ಘೋಷಿಸಿದರು. ಅಂದಿನಿಂದ ಲೋಕದ ಕಾರ್ಮಿಕರ ದಿನ ಧರ್ಮಸಭೆಗೂ ಹಬ್ಬದ ದಿನವಾಯಿತು. ಪೀಣ್ಯದಲ್ಲಿ ಲೇತ್ ಮುಂದೆ ನಿಲ್ಲುವವರಿಗೂ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಕಂಪ್ಯೂಟರ್ ಮುಂದೆ ಕೂರುವವರಿಗೂ ಇದು ಸ್ವಂತ ಹಬ್ಬ.

ಶುಭಸಂದೇಶದಲ್ಲಿ ಜೋಸೆಫರು ಆಡಿದ ಒಂದು ಮಾತೂ ಇಲ್ಲ. ಅವರು ಮಾಡಿದ್ದು ಮಾತ್ರ ಇದೆ. ದೇವದೂತನ ಮಾತು ಕೇಳಿ ಮರಿಯಳನ್ನು ಮನೆತುಂಬಿಸಿಕೊಂಡರು. ರಾತ್ರೋರಾತ್ರಿ ಎದ್ದು ತಾಯಿಮಗುವನ್ನು ಈಜಿಪ್ಟಿಗೆ ಕರೆದೊಯ್ದರು. ಕನ್ನಡದಲ್ಲಿ 'ಮಾತು ಕೇಳು' ಎಂದರೆ ಕಿವಿಗೊಡು ಎಂದೂ ಅರ್ಥ, ಹೇಳಿದಂತೆ ನಡೆ ಎಂದೂ ಅರ್ಥ. ಜೋಸೆಫರ ಬಾಳಿನಲ್ಲಿ ಇವೆರಡೂ ಒಂದೇ ಆಗಿದ್ದವು.

ಹಾಗೆಂದು ವಿಧೇಯತೆ ಎಂದರೆ ದೊಡ್ಡವರು ಹೇಳಿದ್ದಕ್ಕೆಲ್ಲ ತಲೆಯಾಡಿಸುವುದಲ್ಲ. ಚಕ್ರವರ್ತಿಯ ಜನಗಣತಿಯ ಆಜ್ಞೆಗೆ ತಲೆಬಾಗಿ ಗರ್ಭಿಣಿ ಮರಿಯಳೊಡನೆ ಬೆತ್ಲೆಹೇಮಿಗೆ ಹೋದ ಜೋಸೆಫರೇ, ಹೆರೋದನ ಕೈಗೆ ಮಗು ಸಿಗದಂತೆ ಕಾಪಾಡಿದರು. ಎರಡೂ ವಿಧೇಯತೆಯೇ, ಏಕೆಂದರೆ ಎರಡೂ ಕಡೆ ಅವರು ಮೊದಲು ದೇವರ ಮಾತು ಕೇಳಿದರು.

ಪೀಣ್ಯದ ಉದಾಹರಣೆಯನ್ನೇ ನೋಡೋಣ. ಅಲ್ಲಿ ಲೋಹಕ್ಕೆ ಕ್ರೋಮಿಯಂ ಲೇಪಿಸುವ ಘಟಕಗಳಿವೆ. ತೊಳೆದ ನೀರಿನಲ್ಲಿ ವಿಷ ಉಳಿಯುತ್ತದೆ. ಅದನ್ನು ಸಂಸ್ಕರಿಸದೆ ಹೊರಬಿಡುವುದಕ್ಕೆ 1974ರ ಜಲ ಕಾಯಿದೆ ಅವಕಾಶ ಕೊಡುವುದಿಲ್ಲ. ಸಂಸ್ಕರಣೆಗೆ ಹೊತ್ತು ಬೇಕು, ಹಣ ಬೇಕು. ರಾತ್ರಿ ಪಾಳಿಯಲ್ಲಿ ಮೋರಿಗೆ ಬಿಡಲು ಒಂದು ನಿಮಿಷ ಸಾಕು. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಈಗಾಗಲೇ ಪತ್ತೆಯಾಗಿದೆ. ಅಲ್ಲಿನ ಅನೇಕ ಮೋರಿಗಳ ನೀರು ವೃಷಭಾವತಿಗೆ, ಅಲ್ಲಿಂದ ಬಿಡದಿ ಬಳಿಯ ಬೈರಮಂಗಲ ಕೆರೆಗೆ ಹರಿಯುತ್ತದೆ. ಆ ನೀರಿನಲ್ಲೇ ರೈತರು ಬೆಳೆ ಬೆಳೆಯುತ್ತಾರೆ.

ಮೇಲಿನವರು "ಮೋರಿಗೆ ಬಿಡು" ಎಂದರೆ ಏನು ಮಾಡಬೇಕು? ಗುತ್ತಿಗೆ ಕೆಲಸದವನಿಗೆ 'ಆಗುವುದಿಲ್ಲ' ಎನ್ನುವುದು ಸುಲಭವಲ್ಲ. ಬಾಡಿಗೆ ಕಟ್ಟಬೇಕು, ಮಕ್ಕಳ ಫೀಸು ಕಟ್ಟಬೇಕು. ಆದ್ದರಿಂದ ಮೊದಲ ಹೊಣೆ ನಮ್ಮಲ್ಲಿರುವ ಮಾಲೀಕರದು, ಮೇಲ್ವಿಚಾರಕರದು: ದೇವರು ಒಪ್ಪದ ಕೆಲಸವನ್ನು ಇನ್ನೊಬ್ಬನ ಕೈಯಿಂದ ಮಾಡಿಸಬೇಡಿ. ಎರಡನೆಯ ಹೊಣೆ ಮನೆಯವರದು. ಈಜಿಪ್ಟಿಗೆ ಹೊರಟ ರಾತ್ರಿ ಜೋಸೆಫರೊಬ್ಬರೇ ಏಳಲಿಲ್ಲ, ಮರಿಯಳೂ ಎದ್ದಳು. "ಕೆಲಸ ಹೋದರೆ ಹೋಗಲಿ, ನಾವಿದ್ದೇವೆ" ಎನ್ನುವ ಮಡದಿ ಮಕ್ಕಳಿದ್ದರೆ ಮನುಷ್ಯನಿಗೆ ಧೈರ್ಯ ಬರುತ್ತದೆ. ಹಾಗೆ ಕೆಲಸ ಕಳೆದುಕೊಂಡವರ ಮನೆಬಾಗಿಲಿಗೆ ಮೊದಲು ಹೋಗಬೇಕಾದವರು ಧರ್ಮಕೇಂದ್ರದ ನಾವು. ಜಪ ಹೇಳಿ ಬಂದರೆ ಸಾಲದು. ಅಕ್ಕಿಬೇಳೆ ಕೊಟ್ಟು, ಬೇರೆ ಕೆಲಸ ಹುಡುಕಿಕೊಡಬೇಕು.

ಇಂಥ ಧೈರ್ಯ ಒಂದೇ ದಿನದಲ್ಲಿ ಬರುವುದಿಲ್ಲ. ಪರೀಕ್ಷಿಸದ ಭಾಗಕ್ಕೆ 'ಸರಿ' ಎಂದು ಗುರುತು ಹಾಕದಿರುವುದು, ಮಾಡದ ಕೆಲಸವನ್ನು ಮಾಡಿದ್ದೇನೆಂದು ವರದಿಯಲ್ಲಿ ಬರೆಯದಿರುವುದು, ಯಾರೂ ನೋಡದಿದ್ದರೂ ಸುರಕ್ಷತೆಯ ನಿಯಮ ಪಾಲಿಸುವುದು: ದಿನನಿತ್ಯದ ಈ ಸಣ್ಣ ವಿಧೇಯತೆಯೇ ದೊಡ್ಡ ದಿನಕ್ಕೆ ನಮ್ಮನ್ನು ಅಣಿಗೊಳಿಸುತ್ತದೆ. ಕೊರಳಿನ ಶಿಲುಬೆಯನ್ನು ಸಹೋದ್ಯೋಗಿಗಳು ಒಮ್ಮೆ ನೋಡಿ ಮರೆತಾರು, ನಮ್ಮ ಕೆಲಸವನ್ನು ಮಾತ್ರ ದಿನವೂ ನೋಡುತ್ತಾರೆ.

ನಜರೇತಿನಲ್ಲಿ ಬಾಲಯೇಸು ತಂದೆತಾಯಿಗೆ ವಿಧೇಯರಾಗಿ ಬೆಳೆದರೆಂದು ಸಂತ ಲೂಕರು ತಿಳಿಸುತ್ತಾರೆ. ನಮ್ಮ ಮಕ್ಕಳೂ ನಮ್ಮನ್ನು ನೋಡಿಯೇ ಕಲಿಯುತ್ತಾರೆ. ದೇವರ ಮಾತು ಕೇಳುವ ಕಿವಿಯನ್ನೂ ಅದರಂತೆ ದುಡಿಯುವ ಕೈಯನ್ನೂ ಸಂತ ಜೋಸೆಫರು ನಮಗೆ ಬೇಡಿ ಕೊಡಲಿ. ಆಮೆನ್.