ಬೇರಿನ ಗಂಟಿನ ದುಡಿಮೆಗಾರರು

(ಮುದನಾಳದ ಸಭೆಯಲ್ಲಿ ಮಾಡಿದ ಭಾಷಣ)



ಬೇಳೆ ಗಿರಣಿಯಲ್ಲಿ ದುಡಿಯುವವರು, ಗಂಜಿನ ಹಮಾಲರು, ಸಣ್ಣ ಅಂಗಡಿಕಾರರು ಇಲ್ಲಿ ಕೂಡಿದ್ದೀರಿ. ಹೊಲದ ಮಾತು ನಮಗೇಕೆ ಎಂದು ನೀವು ಕೇಳಬಹುದು. ಹೊಲದಲ್ಲಿ ತೊಗರಿ ಒಣಗಿದರೆ ಗಿರಣಿಯ ಪಟ್ಟಾ ನಿಲ್ಲುತ್ತದೆ, ಅಂಗಡಿಯ ಉದ್ರಿ ವಹಿಯಲ್ಲೇ ಉಳಿಯುತ್ತದೆ. 2022ರ ಹಂಗಾಮಿನಲ್ಲಿ ಕಲಬುರಗಿ ಸೀಮೆಯ ತೊಗರಿಗೆ ನೆಟೆ ರೋಗ ಬಡಿದದ್ದನ್ನು ನಾವು ಮರೆತಿಲ್ಲ.

ಗಾಳಿಯಲ್ಲಿ 100ಕ್ಕೆ 78 ಪಾಲು ಸಾರಜನಕ. ಪೈರಿಗೆ ಬೇಕಾದದ್ದೂ ಅದೇ. ಆದರೆ ಗಾಳಿಯಿಂದ ನೇರವಾಗಿ ಹೀರಿಕೊಳ್ಳುವುದು ಪೈರಿಗೆ ಸಾಧ್ಯವಿಲ್ಲ. ಅದನ್ನು ಯೂರಿಯಾ ಮಾಡಲು ಕಾರ್ಖಾನೆಗೆ ಸುಮಾರು 400 ಡಿಗ್ರಿ ಕಾವು, ಭಾರಿ ಒತ್ತಡ, ನೈಸರ್ಗಿಕ ಅನಿಲ ಬೇಕು. ಅಂಥ ಕೆಲಸವನ್ನೇ ತೊಗರಿ ಬೇರಿನ ಗಂಟಿನೊಳಗೆ ರೈಜೋಬಿಯಂ ಎಂಬ ಸೂಕ್ಷ್ಮಾಣು ಸದ್ದಿಲ್ಲದೆ ಮಾಡುತ್ತದೆ. ಹಾಲೆಂಡಿನ ವಿಜ್ಞಾನಿ ಬೆಯರಿಂಕ್ 1888ರಲ್ಲಿ ಇಂಥ ಜೀವಿಯನ್ನು ಬೇರಿನ ಗಂಟಿನಿಂದ ಬೇರ್ಪಡಿಸಿ ತೋರಿಸಿದನು. ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ, ಅದು ಗಿಡಕ್ಕೆ ಸಾರಜನಕ ಕೊಡುತ್ತದೆ. ಆ ಸಂಸಾರದಲ್ಲಿ ಸಾಹುಕಾರನೂ ಇಲ್ಲ, ಬಡ್ಡಿಯೂ ಇಲ್ಲ.

ನಮ್ಮ ಮಾತನ್ನೇ ನಂಬಬೇಡಿ. ತೊಗರಿ ಹೂವಿಗೆ ಬರುವ ಮೊದಲು ಒಂದು ಗಿಡ ಅಗೆದು, ಬೇರಿನ ಗಂಟು ಸೀಳಿ ನೋಡಿ. ಒಳಗೆ ರಕ್ತದಂತೆ ಕೆಂಪಿದ್ದರೆ ಕೆಲಸ ನಡೆದಿದೆ. ಬಿಳಿ ಅಥವಾ ಹಸಿರಿದ್ದರೆ ಕೆಲಸ ನಡೆದಿಲ್ಲ.

ವಿಧಾನ ಸುಲಭ. ಒಂದು ಎಕರೆಯ ಬೀಜಕ್ಕೆ 200 ಗ್ರಾಂ ಪುಡಿ. ಬೆಲ್ಲದ ಅಂಟು ನೀರಿನಲ್ಲಿ ಬೀಜಕ್ಕೆ ಹಚ್ಚಿ, ನೆರಳಲ್ಲಿ ಆರಿಸಿ, ಅಂದೇ ಬಿತ್ತಬೇಕು. ರಾಸಾಯನಿಕ ಗೊಬ್ಬರದೊಡನೆ ಬೆರೆಸಬಾರದು. ನೆಟೆ ರೋಗದ ಶಿಲೀಂಧ್ರ ಮಣ್ಣಿನಲ್ಲೇ ಅಡಗಿರುತ್ತದೆ. ಅದನ್ನು ತಡೆಯಲು ಟ್ರೈಕೋಡರ್ಮಾ ಎಂಬ ಇನ್ನೊಂದು ಶಿಲೀಂಧ್ರವುಂಟು. ಕಿಲೋ ಬೀಜಕ್ಕೆ 4 ಗ್ರಾಂ ಸಾಕು.

ಇದರಿಂದ ಗೊಬ್ಬರದ ಖರ್ಚೆಲ್ಲ ಅಳಿಯುತ್ತದೆಂದು ನಾವು ಹೇಳುವುದಿಲ್ಲ. ರಂಜಕ ಬೇಕು, ತಿಪ್ಪೆಗೊಬ್ಬರ ಬೇಕು, ಹದವಾದ ಮಳೆ ಬೇಕು. ಆದರೆ ಸಾಲದ ಗಂಟು ಒಂದಿಷ್ಟು ಹಗುರಾದರೂ ಬಡವನಿಗೆ ಅದು ದೊಡ್ಡದು.

ಅಂಗಡಿಕಾರ ಬಂಧುಗಳಿಗೆ ಒಂದು ಮಾತು. ಈ ಪೊಟ್ಟಣದಲ್ಲಿರುವುದು ಜೀವ. ಬಿಸಿಲಿಗಿಟ್ಟರೆ ಸಾಯುತ್ತದೆ, ಅವಧಿ ಮೀರಿದರೂ ಸಾಯುತ್ತದೆ. 2006ರಲ್ಲಿ ಜೀವಾಣು ಗೊಬ್ಬರವನ್ನು ರಸಗೊಬ್ಬರ ನಿಯಂತ್ರಣ ಆದೇಶದಡಿ ತಂದರು. ಆ ಪ್ರಕಾರ ಒಂದು ಗ್ರಾಂ ಪುಡಿಯಲ್ಲಿ ಕನಿಷ್ಠ 5 ಕೋಟಿ ಜೀವಾಣು ಬದುಕಿರಬೇಕು. ಸತ್ತದ್ದು ಯಾವುದು, ಬದುಕಿದ್ದು ಯಾವುದು ಎಂದು ರೈತನ ಕಣ್ಣಿಗೆ ಕಾಣದು. ಆದ್ದರಿಂದ ಸತ್ತ ಪುಡಿಯನ್ನು ಮಾರುವುದು ತೂಕದಲ್ಲಿ ಮೋಸ ಮಾಡಿದಷ್ಟೇ ಪಾಪ. ತಾರೀಖು ನೋಡಿ ತರಿಸಿ, ನೆರಳಲ್ಲಿಡಿ.

ಸರ್ಕಾರಕ್ಕೆ ನಮ್ಮ ಬೇಡಿಕೆ ಇಷ್ಟೇ. ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ, ಭೀಮರಾಯನಗುಡಿಯಲ್ಲಿ ಕೃಷಿ ಕಾಲೇಜಿದೆ, ಕವಡಿಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಅಲ್ಲಿನ ವಿದ್ಯೆ ಮುಂಗಾರಿಗೆ ಮುಂಚೆಯೇ ಊರೂರ ಸಹಕಾರ ಸಂಘಕ್ಕೆ ತಾಜಾ ಪೊಟ್ಟಣವಾಗಿ ಬರಲಿ. ಪಹಣಿಯಲ್ಲಿ ಹೆಸರಿಲ್ಲದೆ ಪಾಲಿಗೆ ಹೊಲ ಮಾಡುವವನಿಗೂ ಅದು ಸಿಗಲಿ. ಬೆವರು ಸುರಿಸುವವನು ಅವನು. ಕಾಗದ ಕೇಳಿ ಅವನನ್ನು ಹೊರಗಿಡುವುದು ಯಾವ ನ್ಯಾಯ?

ಗಾಳಿ ಯಾರಪ್ಪನ ಸೊತ್ತೂ ಅಲ್ಲ. ಅದರ ಸಾರ ಎಲ್ಲರ ಹೊಲಕ್ಕೂ ಇಳಿಯಬೇಕು. ಬಿತ್ತನೆಗೆ ಮುಂಚೆ ಗಿರಣಿಯವರು, ಅಂಗಡಿಯವರು, ಹೊಲದವರು ಕೂಡಿಯೇ ಸಂಘದ ಬಾಗಿಲಿಗೆ ಹೋಗೋಣ.