ಡಬ್ಬಿಯೊಳಗೆ ತೂಗುವ ಬೀಗದ ಕೈ

ಅಮ್ಮನ ಫೋನನ್ನು ಅಡ್ಡ ತಿರುಗಿಸಿ ನೋಡಿ. ಒಳಗಿನ ಚಿತ್ರವೂ ತಿರುಗಿಕೊಂಡು ನಿಮಗೆ ನೆಟ್ಟಗೆ ಕಾಣುತ್ತದೆ, ಅಲ್ಲವೇ? ನೀವು ಯಾವ ಗುಂಡಿಯನ್ನೂ ಒತ್ತಲಿಲ್ಲ. ಹಾಗಾದರೆ ಫೋನಿಗೆ ಸುದ್ದಿ ಮುಟ್ಟಿಸಿದವರು ಯಾರು?

ಒಂದು ಖಾಲಿ ಶೂ ಡಬ್ಬಿ ತನ್ನಿ. ಅದನ್ನು ನೆಟ್ಟಗೆ ನಿಲ್ಲಿಸಿ, ಒಳಗೆ ಮೇಲಿನಿಂದ ದಾರ ಕಟ್ಟಿ ಬೀಗದ ಕೈ ಇಳಿಬಿಡಿ. ಈಗ ಡಬ್ಬಿಯನ್ನು ಬಲಕ್ಕೆ ವಾಲಿಸಿ. ಬೀಗದ ಕೈ ಬಲಗೋಡೆಯ ಹತ್ತಿರ ಬಂತು. ಎಡಕ್ಕೆ ವಾಲಿಸಿದರೆ ಎಡಗೋಡೆಗೆ. ಕಣ್ಣು ಮುಚ್ಚಿಕೊಂಡು ಒಳಗೆ ಬೆರಳು ಹಾಕಿ ತಡವಿದರೂ ಸಾಕು, ಡಬ್ಬಿ ಎತ್ತ ವಾಲಿದೆ ಎಂದು ನೀವು ಹೇಳಿಬಿಡುತ್ತೀರಿ.

ಇನ್ನೊಂದು ಆಟ ಉಂಟು. ಹಲಸೂರಿನಿಂದ ಕೆ.ಆರ್.ಪುರದ ಕಡೆಗೆ ಮೆಟ್ರೊದಲ್ಲಿ ಹೋಗುವಾಗ ಆ ದಾರವನ್ನು ಬೆರಳಿನಿಂದ ತೂಗಬಿಡಿ. ರೈಲು ಹೊರಟಾಗ ಬೀಗದ ಕೈ ಹಿಂದಕ್ಕೆ ವಾಲುತ್ತದೆ, ಹಲಸೂರು ಬಿಟ್ಟುಬರಲು ಅದಕ್ಕೆ ಮನಸ್ಸೇ ಇಲ್ಲದ ಹಾಗೆ! ಇಂದಿರಾನಗರದಲ್ಲಿ ಬ್ರೇಕ್ ಬಿದ್ದಾಗ ಮುಂದಕ್ಕೆ. ನಡುವೆ ರೈಲು ಒಂದೇ ವೇಗದಲ್ಲಿ ನೇರ ಓಡುವಾಗ? ಎಷ್ಟೇ ಜೋರಾಗಿ ಓಡಲಿ, ಅದು ನೆಟ್ಟಗೆ ತೂಗುತ್ತಿರುತ್ತದೆ. ವೇಗ ಎಷ್ಟು ಎಂಬುದು ಅದಕ್ಕೆ ಬೇಕಿಲ್ಲ. ವೇಗ ಬದಲಾದರೆ ಮಾತ್ರ ಅದಕ್ಕೆ ಎಚ್ಚರ.

ಫೋನಿನೊಳಗೂ ಇಂಥದೇ ಒಂದು ಡಬ್ಬಿ ಇದೆ, ತೊಗರಿಬೇಳೆಗಿಂತ ಚಿಕ್ಕದು. ದಾರದ ಬದಲು ಕೂದಲಿಗಿಂತ ತೆಳ್ಳಗಿನ ಸ್ಪ್ರಿಂಗು, ಬೀಗದ ಕೈ ಬದಲು ಸಿಲಿಕಾನ್‌ನ ಒಂದು ಚೂರು. ಆ ಚೂರಿಗೆ ಬಾಚಣಿಗೆಯಂತೆ ಹಲ್ಲುಗಳಿವೆ. ಎದುರಿಗೂ ಇನ್ನೊಂದು ಬಾಚಣಿಗೆ. ಚೂರು ಅಲುಗಿದರೆ ಹಲ್ಲುಗಳ ನಡುವಿನ ಸಂದು ಹೆಚ್ಚು ಕಡಿಮೆಯಾಗುತ್ತದೆ, ಅದರ ಜೊತೆಗೇ ಅಲ್ಲಿ ಹಿಡಿದಿರುವ ವಿದ್ಯುತ್ತೂ ಬದಲಾಗುತ್ತದೆ. ನೀವು ಬೆರಳಿನಿಂದ ತಡವಿ ನೋಡಿದಿರಿ, ಫೋನು ವಿದ್ಯುತ್ತಿನಿಂದ ತಡವಿ ನೋಡುತ್ತದೆ. ಈ ಪುಟಾಣಿಗೆ ಅಕ್ಸೆಲೆರೋಮೀಟರ್ ಎಂಬ ಉದ್ದನೆಯ ಹೆಸರು.

ನಮ್ಮ ಬೆಂಗಳೂರು ಇದನ್ನು ಬಲು ಮೊದಲೇ ಕೈಯಲ್ಲಿ ಹಿಡಿದು ಆಡಿತ್ತು ಗೊತ್ತೇ? ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಇಲ್ಲಿನ ಎಂಜಿನಿಯರ್‌ಗಳೂ ಸೇರಿ ಸಿಂಪ್ಯೂಟರ್ ಎಂಬ ಅಂಗೈಯಗಲದ ಕಂಪ್ಯೂಟರ್ ರೂಪಿಸಿದರು. ಕನ್ನಡವೂ ಬರುವ ಕಂಪ್ಯೂಟರ್! 2004ರಲ್ಲಿ ಬಿಇಎಲ್ ತಯಾರಿಸಿದ ಅದರ ‘ಅಮಿಡ’ ಮಾದರಿಯಲ್ಲಿ ಇಂಥ ಅಲುಗಾಟದ ಸಂವೇದಕವಿತ್ತು. ಮಣಿಕಟ್ಟನ್ನು ಚಕ್ಕನೆ ಕೊಡವಿದರೆ ಪುಟ ಮಗುಚಿಕೊಳ್ಳುತ್ತಿತ್ತು. ಐಫೋನ್ ಬರಲು ಇನ್ನೂ ಮೂರು ವರ್ಷವಿತ್ತು. ಸಿಂಪ್ಯೂಟರ್ ಹೆಚ್ಚು ಮಾರಾಟವಾಗಲಿಲ್ಲ, ನನಗಂತೂ ಅದು ಇಂದಿಗೂ ಬೇಸರವೇ.

ಬೀಗದ ಕೈಗೆ ಒಂದು ಪೇಚೂ ಇದೆ. ಡಬ್ಬಿ ವಾಲಿತೋ, ಡಬ್ಬಿ ಹೊತ್ತ ರೈಲು ಹೊರಟಿತೋ, ಅದಕ್ಕೆ ಎರಡೂ ಒಂದೇ. ಅದಕ್ಕಾಗಿಯೇ ಅನೇಕ ಫೋನುಗಳಲ್ಲಿ ತಿರುಗುವಿಕೆಯನ್ನು ಅಳೆಯುವ ಇನ್ನೊಂದು ಸಂವೇದಕ ಇಟ್ಟಿರುತ್ತಾರೆ, ಜೈರೋಸ್ಕೋಪ್ ಅಂತ.

ಮುಂದಿನ ಸಲ ಮೆಟ್ರೊ ಹತ್ತಿದಾಗ ದಾರ ಮರೆಯಬೇಡಿ. ಬೀಗದ ಕೈ ಹಿಂದಕ್ಕೂ ಅಲ್ಲ, ಮುಂದಕ್ಕೂ ಅಲ್ಲ, ಪಕ್ಕಕ್ಕೆ ವಾಲಿದರೆ ಕಿಟಕಿಯಿಂದ ಹಳಿಯ ದಾರಿ ನೋಡಿ. ಅದು ಯಾವ ಎರಡು ನಿಲ್ದಾಣಗಳ ನಡುವೆ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ.