ಜಾಹೀರಾತೂ ಔಚಿತ್ಯವೂ



ಪತ್ರಿಕೆಯ ಪುಟವನ್ನು ಮಗುಚುವಾಗ ನಮ್ಮ ಕಣ್ಣು ಒಂದು ಜಾಹೀರಾತಿನ ಮೇಲೆ ನಿಲ್ಲುವುದು ಒಂದೆರಡು ಕ್ಷಣ ಮಾತ್ರ. ಆ ಒಂದೆರಡು ಕ್ಷಣಗಳಿಗಾಗಿ ಯಾರೋ ಕೆಲವರು ವಾರಗಟ್ಟಲೆ ತಲೆ ಕೆಡಿಸಿಕೊಂಡಿರುತ್ತಾರೆ ಎಂಬುದು ನಮಗೆ ಹೊಳೆಯುವುದೇ ಇಲ್ಲ. ಜಾಹೀರಾತು ಎಂದರೆ ಚೆಂದದ ಚಿತ್ರ, ಅದರ ಕೆಳಗೊಂದು ಪ್ರಾಸಬದ್ಧ ವಾಕ್ಯ ಎಂಬುದು ನಮ್ಮಲ್ಲಿ ಹಲವರ ತಿಳಿವಳಿಕೆ. ಚಿತ್ರಕ್ಕೂ ವಾಕ್ಯಕ್ಕೂ ಮೊದಲು ಒಂದು ಆಲೋಚನೆ ಹುಟ್ಟಬೇಕು. ಅದು ಹುಟ್ಟದೆ ಬರೆದ ಚಿತ್ರ ಬರಿಯ ಅಲಂಕಾರ. ಈ ಆಲೋಚನೆಯನ್ನೇ ಆ ವಿದ್ಯೆಯವರು ‘ಕಾನ್ಸೆಪ್ಟ್’ ಎನ್ನುತ್ತಾರೆ. ನಾವು ಪರಿಕಲ್ಪನೆ ಎನ್ನೋಣ. ಗ್ರಾಫಿಕ್ ಡಿಸೈನ್ ಕಲಿಯುವ ವಿದ್ಯಾರ್ಥಿ ಅಂಥದೊಂದು ಪರಿಕಲ್ಪನೆಯನ್ನು ಹೇಗೆ ಕಂಡುಕೊಳ್ಳುತ್ತಾನೆ, ಅದರಲ್ಲಿ ನಮ್ಮ ಭಾಷೆಯ ಪಾತ್ರವೇನು ಎಂಬುದು ಇಂದಿನ ವಿಷಯ.

ವಿದ್ಯಾರ್ಥಿಯ ಕೈಗೆ ಮೊದಲು ಬರುವುದು ‘ಬ್ರೀಫ್’ ಎಂಬ ಒಂದೆರಡು ಪುಟದ ಕಾಗದ. ವಸ್ತು ಯಾವುದು, ಅದನ್ನು ಕೊಳ್ಳಬೇಕಾದವರು ಯಾರು, ಅವರು ಈಗ ಅದರ ಬಗ್ಗೆ ಏನು ಭಾವಿಸಿದ್ದಾರೆ, ಜಾಹೀರಾತನ್ನು ನೋಡಿದ ಮೇಲೆ ಏನು ಭಾವಿಸಬೇಕು, ಬದಲಾಯಿಸಬಾರದ ಅಂಶಗಳು ಯಾವುವು ಎಂಬ ವಿವರಗಳು ಅದರಲ್ಲಿರುತ್ತವೆ. ಇದೇನು ಹೊಸ ಸಂಗತಿಯಲ್ಲ. ನಮ್ಮ ಆಸ್ಥಾನಗಳಲ್ಲೂ ಅವಧಾನ ಸಭೆಗಳಲ್ಲೂ ಸಮಸ್ಯಾಪೂರಣವೆಂಬುದೊಂದಿತ್ತು. ಪದ್ಯದ ಕೊನೆಯ ಸಾಲನ್ನು ಪೃಚ್ಛಕನು ಕೊಡುತ್ತಿದ್ದ. ಅದು ಮೇಲುನೋಟಕ್ಕೆ ಅಸಂಬದ್ಧವೆಂದೇ ತೋರುತ್ತಿತ್ತು. ಉಳಿದ ಮೂರು ಸಾಲುಗಳಿಂದ ಅದನ್ನು ಸಂಬದ್ಧವಾಗಿಸುವುದು ಕವಿಯ ಹೊಣೆ. ಕಟ್ಟುಪಾಡು ಪ್ರತಿಭೆಗೆ ಶತ್ರುವಲ್ಲ, ಒರೆಗಲ್ಲು. ಬ್ರೀಫ್ ಕೂಡ ಅಂಥ ಕೊನೆಯ ಸಾಲೇ.

ಸಮಸ್ಯೆಯೊಳಗೇ ಪರಿಹಾರವಿರುತ್ತದೆ ಎಂಬುದಕ್ಕೆ ಈ ಕ್ಷೇತ್ರದ ಎಲ್ಲ ಪಾಠಶಾಲೆಗಳೂ ಹೇಳಿಕೊಡುವ ಒಂದು ನಿದರ್ಶನವುಂಟು. 1959ರಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಎಂಬ ಪುಟ್ಟ ಕಾರನ್ನು ಅಮೆರಿಕದಲ್ಲಿ ಮಾರಬೇಕಾಗಿತ್ತು. ಕಾರು ಉದ್ದವಾದಷ್ಟೂ ಒಡೆಯನ ಘನತೆ ಹೆಚ್ಚು ಎಂದು ನಂಬಿದ್ದ ನಾಡು ಅದು. ಹೆಲ್ಮುಟ್ ಕ್ರೋನ್ ಎಂಬ ಕಲಾನಿರ್ದೇಶಕ ಪುಟದ ಬಹುಭಾಗವನ್ನು ಖಾಲಿ ಬಿಟ್ಟು, ಮೇಲಿನ ಒಂದು ಮೂಲೆಯಲ್ಲಿ ಕಾರನ್ನು ಚಿಕ್ಕದಾಗಿ ಇಟ್ಟ. ಜೂಲಿಯನ್ ಕೋನಿಗ್ ಬರೆದ ಶೀರ್ಷಿಕೆ ಚಿಕ್ಕದನ್ನೇ ಯೋಚಿಸಿರೆಂದು ಎರಡೇ ಶಬ್ದಗಳಲ್ಲಿ ಹೇಳಿತು. ಮುಚ್ಚಿಡಬೇಕಾಗಿದ್ದ ಕೊರತೆಯನ್ನೇ ಅವರು ಗುಣವಾಗಿ ತೋರಿಸಿದರು. ಇಲ್ಲಿ ಚಿತ್ರವನ್ನು ತೆಗೆದರೆ ಮಾತು ನಿಲ್ಲದು, ಮಾತನ್ನು ತೆಗೆದರೆ ಚಿತ್ರ ನಿಲ್ಲದು. ಎರಡರ ಹಿಂದೆಯೂ ನಿಂತಿರುವುದು ಒಂದೇ ಆಲೋಚನೆ. ನಮ್ಮ ಮೈಸೂರಿನ ಆರ್. ಕೆ. ಲಕ್ಷ್ಮಣರು 1954ರಲ್ಲಿ ಏಷಿಯನ್ ಪೇಂಟ್ಸ್ ಸಂಸ್ಥೆಗೆ ಬರೆದುಕೊಟ್ಟ ಗಟ್ಟು ಎಂಬ ತುಂಟ ಹುಡುಗನೂ ಇದೇ ಜಾತಿಯವನು. ಕೈಯಲ್ಲಿ ಕುಂಚ ಹಿಡಿದ ಆ ಪೋರನನ್ನು ಕಂಡೊಡನೆ, ಬಣ್ಣ ಬಳಿಯುವುದು ದೊಡ್ಡವರ ತಲೆನೋವಲ್ಲ, ಮಕ್ಕಳಾಟ ಎಂಬ ಭಾವ ಓದುಬಾರದವರಿಗೂ ತಟ್ಟುತ್ತಿತ್ತು.

ಇನ್ನು ಹತ್ತಿರದ ಒಂದು ಪ್ರಸಂಗಕ್ಕೆ ಬರೋಣ. ಬೆಂಗಳೂರಿನ ಒಂದು ಕಲಾಶಾಲೆಯಲ್ಲಿ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳು, ನಾನು ಕನ್ನಡದ ಅಧ್ಯಾಪಕನಾಗಿದ್ದವನೆಂದು ತಿಳಿದು, ಒಂದು ಇಂಗ್ಲಿಷ್ ವಾಕ್ಯವನ್ನು ಕನ್ನಡಕ್ಕೆ ತಿರುಗಿಸಿಕೊಡಬೇಕೆಂದು ಬಂದಳು. ತರಗತಿಯ ಅಭ್ಯಾಸಕ್ಕೆಂದು ಅವಳಿಗೆ ಕೊಟ್ಟಿದ್ದ ವಸ್ತು ಮೈಸೂರು ಸ್ಯಾಂಡಲ್ ಸಾಬೂನು. ಬ್ರೀಫಿನ ತಿರುಳು ಇಷ್ಟು: ಹಿರಿಯರಿಗೆ ಈ ಸಾಬೂನಿನ ಮೇಲೆ ಪ್ರೀತಿಯಿದೆ, ಇಪ್ಪತ್ತರ ಹರೆಯದವರು ಇದನ್ನು ‘ಅಜ್ಜಿಯ ಸೋಪು’ ಎಂದುಕೊಂಡಿದ್ದಾರೆ, ಅವರು ಇದನ್ನು ತಮ್ಮದೆಂದು ಭಾವಿಸಬೇಕು. ಸಾಬೂನಿನ ಆಕಾರವನ್ನಾಗಲಿ ಅದರ ಮೇಲಿನ ಶರಭದ ಲಾಂಛನವನ್ನಾಗಲಿ ಬದಲಾಯಿಸುವಂತಿಲ್ಲ.

ಅವಳು ಓದಿಕೊಂಡೇ ಬಂದಿದ್ದಳು. 1914ರಲ್ಲಿ ಮಹಾಯುದ್ಧ ಆರಂಭವಾದಾಗ, ಅದುವರೆಗೆ ಕೊರಡಿನ ರೂಪದಲ್ಲಿ ಯುರೋಪಿಗೆ ಹೋಗುತ್ತಿದ್ದ ಮೈಸೂರಿನ ಶ್ರೀಗಂಧ ಹೊರಹೋಗದೆ ಉಳಿಯಿತು. ಆ ಸಂಕಟದಿಂದಲೇ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ಗಂಧದೆಣ್ಣೆಯನ್ನು ನಾವೇ ತೆಗೆಯುವ ಉದ್ಯಮವೂ ಅದರ ಬೆನ್ನಿಗೇ ಸರ್ಕಾರದ ಸಾಬೂನು ಕಾರ್ಖಾನೆಯೂ ಹುಟ್ಟಿದವು. ಸಾಬೂನು ತಯಾರಿಕೆಯ ವಿದ್ಯೆಯನ್ನು ಇಂಗ್ಲೆಂಡಿನಲ್ಲಿ ಕಲಿತು ಬಂದ ಎಸ್. ಜಿ. ಶಾಸ್ತ್ರಿಗಳು ‘ಸೋಪ್ ಶಾಸ್ತ್ರಿ’ ಎಂದೇ ಪ್ರಸಿದ್ಧರಾದರು. 1980ರಲ್ಲಿ ಈ ಕಾರ್ಖಾನೆ, ಮೈಸೂರು ಮತ್ತು ಶಿವಮೊಗ್ಗದ ಗಂಧದೆಣ್ಣೆ ಕಾರ್ಖಾನೆಗಳೊಡನೆ ಸೇರಿ ಸರ್ಕಾರಿ ಕಂಪನಿಯಾಯಿತು. 2006ರಲ್ಲಿ ಸಾಬೂನಿಗೆ ಭೌಗೋಳಿಕ ಗುರುತು ದೊರೆಯಿತು. ಇವೆಲ್ಲ ಅವಳ ಟಿಪ್ಪಣಿ ಪುಸ್ತಕದಲ್ಲಿದ್ದವು.

ಅದುವರೆಗೆ ಅವಳು ಎರಡು ಪರಿಕಲ್ಪನೆಗಳನ್ನು ಮಾಡಿದ್ದಳು. ಮೊದಲನೆಯದರಲ್ಲಿ ಒಬ್ಬ ತಾರೆಯ ಹೊಳೆಯುವ ಬಿಳಿಯ ಮುಖ. ಅದನ್ನು ಅವಳ ಅಧ್ಯಾಪಕರೇ ತಳ್ಳಿಹಾಕಿದ್ದರು. ಅಂಥ ಮುಖ ಯಾವ ಸಾಬೂನಿಗಾದರೂ ಸಲ್ಲುತ್ತದೆ, ಆದ್ದರಿಂದ ಯಾವುದಕ್ಕೂ ಸಲ್ಲುವುದಿಲ್ಲ. ಎರಡನೆಯದರಲ್ಲಿ ಅರಮನೆ, ಅಂಬಾರಿ, ದೀಪಗಳ ಸಾಲು. ಅದಕ್ಕೆ ಅವಳು ಬರೆದಿದ್ದ ಇಂಗ್ಲಿಷ್ ಶೀರ್ಷಿಕೆಯನ್ನೇ ಕನ್ನಡಿಸಬೇಕಾಗಿದ್ದುದು: ‘ಹೆರಿಟೇಜ್ ದಟ್ ಹಗ್ಸ್ ಯು.’ ಅದನ್ನು ಶಬ್ದಕ್ಕೆ ಶಬ್ದವಿಟ್ಟು ಕನ್ನಡಿಸಿದರೆ ‘ನಿಮ್ಮನ್ನು ಅಪ್ಪಿಕೊಳ್ಳುವ ಪರಂಪರೆ’ ಎಂದಾಗುತ್ತದೆ. ನಾನು ಅದನ್ನು ಗಟ್ಟಿಯಾಗಿ ಓದಿ ಹೇಳಿದಾಗ ಅವಳೇ ನಕ್ಕಳು. ಪರಂಪರೆ ಬಂದು ಅಪ್ಪಿಕೊಂಡರೆ ಯಾರಿಗಾದರೂ ಉಸಿರು ಕಟ್ಟೀತು! ಇನ್ನೂ ಒಂದು ಮಾತು: ಇದು ಅಜ್ಜಿಯ ಕಾಲದ ವಸ್ತು ಎಂದು ದೂರ ನಿಂತವರಿಗೆ ಮುತ್ತಜ್ಜನ ಅರಮನೆಯನ್ನು ತೋರಿಸಿದರೆ ದೂರ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

“ನೋಡಮ್ಮ, ಈ ವಾಕ್ಯವನ್ನು ಅನುವಾದಿಸುವುದು ಬೇಡ. ಗಂಧದ ಸುತ್ತ ಕನ್ನಡದಲ್ಲಿ ಯಾವ ಯಾವ ಕ್ರಿಯಾಪದಗಳಿವೆಯೋ ಅವನ್ನೆಲ್ಲ ಬರೆದುಕೊಂಡು ಬಾ” ಎಂದೆ. “ಕ್ರಿಯಾಪದಗಳೇ ಏಕೆ ಸರ್?” ಎಂದಳು. ನಾಮಪದ ವಸ್ತುವನ್ನು ಹೆಸರಿಸುತ್ತದೆ. ಜನ ಆ ವಸ್ತುವಿನೊಡನೆ ಹೇಗೆ ಬದುಕುತ್ತಾರೆ ಎಂಬುದನ್ನು ಹೇಳುವುದು ಕ್ರಿಯಾಪದ. ಅವಳು ಪಟ್ಟಿ ಮಾಡಿದಳು: ತೇಯು, ಹಚ್ಚು, ಪೂಸು, ಲೇಪಿಸು, ತೀಡು. ಮನೆಯಲ್ಲಿ ಅಜ್ಜಿಯನ್ನು ಕೇಳಿದಾಗ, ಗಂಧ ತೇಯ್ದಷ್ಟೂ ಪರಿಮಳ ಎಂಬ ಮಾತು ಸಿಕ್ಕಿತು. ಗಂಧದ ಮರದಲ್ಲಿ ಕಂಪಿರುವುದು ಚೇಗಿನಲ್ಲಿ, ಅಂದರೆ ಒಳತಿರುಳಿನಲ್ಲಿ, ಮತ್ತು ಬೇರಿನಲ್ಲಿ. ಹೊರಪದರದ ಬಿಳಿಮರಕ್ಕೆ ವಾಸನೆಯಿಲ್ಲ. ಆ ಕಂಪು ಹೊರಬರಬೇಕಾದರೆ ಕೊರಡು ಸಾಣೆಕಲ್ಲಿನ ಮೇಲೆ ಸವೆಯಲೇಬೇಕು. ಸಾಬೂನಿನ ಗತಿಯೂ ಅದೇ ಅಲ್ಲವೆ? ಸವೆಯುತ್ತ ಸವೆಯುತ್ತಲೇ ಅದು ಬಳಕೆಗೆ ಬರುವುದು.

ಈ ಎಳೆಯನ್ನು ಹಿಡಿದು ಹೋದವಳಿಗೆ ಮೂರನೆಯ ಪರಿಕಲ್ಪನೆ ತನ್ನ ಮನೆಯ ಬಚ್ಚಲಿನಲ್ಲೇ ದೊರೆಯಿತು. ಸವೆದು ಎಲೆಯಷ್ಟು ತೆಳುವಾದ ಹಳೆಯ ಸಾಬೂನಿನ ಚೂರನ್ನು ನಾವು ಬಿಸಾಡುವುದಿಲ್ಲ. ಒದ್ದೆ ಮಾಡಿ ಹೊಸ ಬಿಲ್ಲೆಯ ಬೆನ್ನಿಗೆ ಒತ್ತಿ ಅಂಟಿಸುತ್ತೇವೆ. ಎಷ್ಟೋ ಮನೆಗಳಲ್ಲಿ ನಡೆಯುವ, ಯಾರೂ ಬಾಯಿಬಿಟ್ಟು ಹೇಳದ ಸಂಗತಿ ಇದು. ಅವಳ ಚಿತ್ರದಲ್ಲಿ ಬೇರೆ ಏನೂ ಇಲ್ಲ: ಹೊಸ ಅಂಡಾಕಾರದ ಬಿಲ್ಲೆ, ಅದರ ಬೆನ್ನಿಗೆ ಅಂಟಿದ ಸವೆದ ಚೂರು. ಅಜ್ಜಿಯೂ ಇಲ್ಲ, ಮೊಮ್ಮಗಳೂ ಇಲ್ಲ, ಇಬ್ಬರೂ ಅಲ್ಲಿದ್ದಾರೆ.

ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ ಪ್ರತಿಪಾದಿಸಿದ್ದು ಇದನ್ನೇ. ಶಬ್ದ ನೇರವಾಗಿ ಹೇಳುವುದು ವಾಚ್ಯಾರ್ಥ; ಅದನ್ನು ದಾಟಿ ಸಹೃದಯನ ಮನಸ್ಸಿನಲ್ಲಿ ಅನುರಣಿಸುವುದು ವ್ಯಂಗ್ಯಾರ್ಥ, ಅದೇ ಧ್ವನಿ. ‘ತಲೆಮಾರುಗಳ ನಂಟು’ ಎಂದು ದಪ್ಪಕ್ಷರಗಳಲ್ಲಿ ಅಚ್ಚು ಹಾಕಿಸಿದ್ದರೆ ಅದು ವಾಚ್ಯವಾಗುತ್ತಿತ್ತು. ಓದುಗನು ಕೇಳಿ ಮರೆಯುತ್ತಿದ್ದ. ಅಂಟಿದ ಚೂರನ್ನು ನೋಡಿದವನು ಆ ಅರ್ಥವನ್ನು ತಾನೇ ಕಂಡುಕೊಳ್ಳುತ್ತಾನೆ, ತಾನು ಕಂಡದ್ದನ್ನು ಬೇಗ ಮರೆಯುವುದಿಲ್ಲ.

ಆದರೆ ಚಿತ್ರಕ್ಕೊಂದು ಮಾತು ಬೇಕಾಗಿತ್ತು. ಅವಳು ಮೊದಲು ಬರೆದದ್ದು: ‘ಅಜ್ಜಿಯ ಕೊನೆಯ ಸೋಪು, ಮೊಮ್ಮಗಳ ಮೊದಲ ಸೋಪು.’ ತೂಕವಿದೆ, ಲಯವಿದೆ, ವಿರೋಧದ ಚಮತ್ಕಾರವೂ ಇದೆ. ಆದರೂ ಇದು ಸಲ್ಲದು. ‘ಅಜ್ಜಿಯ ಕೊನೆಯ’ ಎಂಬಲ್ಲಿಗೆ ಬರುವಾಗಲೇ ಕನ್ನಡದ ಕಿವಿ ಬೇರೊಂದನ್ನು ಕೇಳಿಸಿಕೊಂಡಿರುತ್ತದೆ. ಹಾಗೆ ಅಮಂಗಳವನ್ನು ಸೂಚಿಸುವ ಪದಪ್ರಯೋಗವನ್ನು ಮಮ್ಮಟನೇ ಮೊದಲಾದ ಆಲಂಕಾರಿಕರು ಅಶ್ಲೀಲದೋಷದ ಒಂದು ಬಗೆಯೆಂದು ಎಣಿಸಿದ್ದಾರೆ. ಕ್ಷೇಮೇಂದ್ರನು ‘ಔಚಿತ್ಯವಿಚಾರಚರ್ಚಾ’ದಲ್ಲಿ ಬೋಧಿಸುವ ವಿವೇಕವೂ ಇದೇ: ಎಷ್ಟೇ ಸುಂದರವಾದುದಾದರೂ ತನ್ನ ಸ್ಥಾನದಲ್ಲಿ ಇಲ್ಲದಿದ್ದರೆ ಅದು ಶೋಭಿಸದು. ಈ ಎಚ್ಚರ ನಿಘಂಟಿನಿಂದ ಬರುವಂಥದಲ್ಲ. ಭಾಷೆಯೊಳಗೆ ಬಾಳಿದವರಿಗೆ ಮಾತ್ರ ಬರುವಂಥದು.

ಕೊನೆಗೆ ಉಳಿದ ವಾಕ್ಯ ಅವಳ ಅಜ್ಜಿಯದೇ, ಆಡುಮಾತಿನದೇ: ‘ನಮ್ಮನೇಲಿ ಈ ಸೋಪು ಮುಗಿಯೋದೇ ಇಲ್ಲ.’ ಗ್ರಂಥಸ್ಥ ಭಾಷೆಯಲ್ಲಿ ‘ನಮ್ಮ ಮನೆಯಲ್ಲಿ ಈ ಸಾಬೂನು ಮುಗಿಯುವುದೇ ಇಲ್ಲ’ ಎಂದು ತಿದ್ದಿದರೆ ಅದರ ಜೀವವೇ ಹೋಗುತ್ತದೆ. ತರಗತಿಯ ಪರಾಮರ್ಶೆಯಲ್ಲಿ ಒಬ್ಬ ಅಧ್ಯಾಪಕರು ಕೇಳಿದರಂತೆ: “ಸೋಪು ಮುಗಿಯದಿದ್ದರೆ ಕಂಪನಿಗೇನು ಲಾಭ?” ಅವಳು ಹೇಳಿದಳಂತೆ: “ಮುಗಿಯಬಾರದು ಅಂದರೆ, ಮುಗಿಯೋ ಮುಂಚೆನೇ ಹೊಸದು ಮನೆಗೆ ಬಂದಿರಬೇಕಲ್ಲ ಸರ್.” ಬ್ರೀಫ್ ಎಂಬ ಸಮಸ್ಯೆಗೆ ಇದು ಪೂರಣ.

ಅಕ್ಷರ ವಿನ್ಯಾಸದಲ್ಲೂ ಇದೇ ಪಾಠ ಮರಳಿತು. ಇಂಗ್ಲಿಷಿನ ದೊಡ್ಡಕ್ಷರಗಳು ಎರಡು ಗೆರೆಗಳ ನಡುವೆ ಸಮನಾಗಿ ನಿಲ್ಲುತ್ತವೆ. ಅದಕ್ಕೆಂದು ಅಳೆದು ಬಿಟ್ಟ ಜಾಗದಲ್ಲಿ ಕನ್ನಡವನ್ನು ತುರುಕಿದರೆ ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸುಗಳಿಗೆ ಢಿಕ್ಕಿ ಹೊಡೆಯುತ್ತವೆ. ‘ಇಲ್ಲ’ ಎಂಬ ಎರಡಕ್ಷರದ ಪದಕ್ಕೂ ಕೆಳಗೆ ಜಾಗ ಬೇಕು. ಆದ್ದರಿಂದ ಅವಳು ಪುಟವನ್ನು ಕನ್ನಡ ವಾಕ್ಯದಿಂದಲೇ ಆರಂಭಿಸಿ ಮತ್ತೆ ಅಳೆದಳು. ಇಂಗ್ಲಿಷ್ ಬೇಕಾದರೆ ಅದೇ ಜಾಗ ಹುಡುಕಿಕೊಳ್ಳಲಿ ಎಂದಳು.

ಶ್ರೋತೃಗಳೇ, ಇದೊಂದು ತರಗತಿಯ ಅಭ್ಯಾಸ. ಅದು ಅಚ್ಚಾಗಲಿಲ್ಲ, ಯಾವ ಕಂಪನಿಯ ಮುಂದೆಯೂ ಹೋಗಲಿಲ್ಲ. ಆದರೂ ಎರಡು ದೊಡ್ಡ ಪ್ರಶ್ನೆಗಳು ಇದರಲ್ಲಿ ಅಡಗಿವೆ.

ಮೊದಲನೆಯದು ಸತ್ಯದ ಪ್ರಶ್ನೆ. ಮನವೊಲಿಸುವ ವಿದ್ಯೆ ಸುಳ್ಳಿಗೂ ಅಷ್ಟೇ ನಿಷ್ಠೆಯಿಂದ ದುಡಿಯಬಲ್ಲದು. 1975ರಲ್ಲಿ ನಮ್ಮ ಮಾರುಕಟ್ಟೆಗೆ ಬಂದ ಒಂದು ಮುಲಾಮು ‘ಫೇರ್ ಅಂಡ್ ಲವ್ಲಿ’ ಎಂಬ ಹೆಸರಿನಲ್ಲಿ ನಾಲ್ಕು ದಶಕಗಳಿಗೂ ಮೀರಿ ಮಾರಾಟವಾಯಿತು. 2020ರಲ್ಲಿ ಆ ಹೆಸರಿನಿಂದ ‘ಫೇರ್’ ಎಂಬ ಪದವನ್ನು ಕೈಬಿಡಲಾಯಿತು. 1985ರಲ್ಲಿ ಸ್ಥಾಪನೆಯಾದ ಜಾಹೀರಾತು ಗುಣಮಟ್ಟ ಮಂಡಳಿ, ಮೈಬಣ್ಣದ ಕಾರಣಕ್ಕೆ ಯಾರನ್ನೂ ಕೀಳಾಗಿ ತೋರಿಸಬಾರದೆಂದು 2014ರಲ್ಲಿ ಸೂಚನೆಗಳನ್ನು ಹೊರಡಿಸಿತು. ಅಷ್ಟರೊಳಗೆ ಎಷ್ಟು ಹೆಣ್ಣುಮಕ್ಕಳು ಕನ್ನಡಿಯ ಮುಂದೆ ಕುಗ್ಗಿದ್ದರೆಂಬುದನ್ನು ಯಾವ ಮಂಡಳಿಯೂ ಲೆಕ್ಕ ಹಾಕಲಾರದು. ನಮ್ಮ ವಿದ್ಯಾರ್ಥಿನಿಯ ಮೊದಲ ಪರಿಕಲ್ಪನೆಯ ಬಿಳಿಯ ಮುಖವೂ ಅದೇ ದಾರಿಯದು. ಮೂರನೆಯದು ಯಾರನ್ನೂ ಕುಗ್ಗಿಸುವುದಿಲ್ಲ, ವಸ್ತುವಿಗೆ ಇಲ್ಲದ ಗುಣವನ್ನು ಆರೋಪಿಸುವುದೂ ಇಲ್ಲ. ನಿಜವನ್ನು ಹುಡುಕುವ ಶ್ರಮಕ್ಕೆ ಅಂಜಿದವನೇ ಸುಳ್ಳಿನ ಮೊರೆ ಹೋಗುತ್ತಾನೆ.

ಎರಡನೆಯದು ಭಾಷೆಯ ಪ್ರಶ್ನೆ. 2024ರಲ್ಲಿ ನಮ್ಮ ರಾಜ್ಯದಲ್ಲಿ ಬಂದ ತಿದ್ದುಪಡಿ ಕಾನೂನು, ಅಂಗಡಿ ಮುಂಗಟ್ಟುಗಳ ನಾಮಫಲಕಗಳಲ್ಲಿ ಶೇಕಡ 60ರಷ್ಟು ಭಾಗ ಕನ್ನಡವಿರಬೇಕೆಂದು ವಿಧಿಸಿತು. ಒಳ್ಳೆಯದೇ. ಆದರೆ ಕಾನೂನು ಫಲಕವನ್ನು ಕನ್ನಡದ ಅಕ್ಷರಗಳಿಂದ ತುಂಬಬಲ್ಲದು, ಕನ್ನಡದ ಆಲೋಚನೆಯಿಂದ ತುಂಬಲಾರದು. ಬೇರೆಡೆ ಹುಟ್ಟಿದ ವಾಕ್ಯದ ಸಿಪ್ಪೆಯನ್ನು ಕನ್ನಡ ಲಿಪಿಯಲ್ಲಿ ಹರಡುವುದು ಕನ್ನಡವಲ್ಲ. ಒಂದು ಮಾತು ಕೊಟ್ಟರೆ ನೂರು ಚಿತ್ರಗಳನ್ನು ಗಳಿಗೆಯಲ್ಲಿ ಬರೆದುಕೊಡುವ ಯಂತ್ರಗಳು ಈಗ ವಿದ್ಯಾರ್ಥಿಗಳ ಕೈಗೆ ಬಂದಿವೆ. ಆದರೆ ಆ ಒಂದು ಮಾತನ್ನು ಕೊಡಬೇಕಾದವರು ಅವರೇ. ಅದು ತಮ್ಮ ಮನೆಯ ಹಜಾರದಲ್ಲಿ, ಬಚ್ಚಲಿನಲ್ಲಿ, ಹಿರಿಯರ ಬಾಯಲ್ಲಿ ಇದೆಯೆಂಬ ನಂಬಿಕೆ ಅವರಿಗೆ ಬೇಕು.

ಆ ನಂಬಿಕೆಯನ್ನು ಬೆಳೆಸುವುದು ಕಲಾಶಾಲೆಗಳ ಕೆಲಸ ಮಾತ್ರವಲ್ಲ, ಕನ್ನಡ ವಿಭಾಗಗಳ ಕೆಲಸವೂ ಹೌದು. ಕಾವ್ಯಮೀಮಾಂಸೆಯ ತರಗತಿಯಲ್ಲಿ ಡಿಸೈನ್ ಕಲಿಯುವ ಒಂದಿಬ್ಬರಿಗೂ ಜಾಗವಿರಲಿ. ಅಲ್ಲಿನ ಗೋಡೆಯ ಮೇಲೆ ಒಮ್ಮೊಮ್ಮೆ ಅವರ ಚಿತ್ರಗಳೂ ಕಾಣಿಸಿಕೊಳ್ಳಲಿ. ಧ್ವನಿಯೂ ಔಚಿತ್ಯವೂ ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಒಣಗುವ ಬದಲು ಬೀದಿಯ ಫಲಕದ ಮೇಲೆ ಉಸಿರಾಡಿದರೆ ಅದರಿಂದ ಶಾಸ್ತ್ರಕ್ಕೆ ನಷ್ಟವೇನೂ ಇಲ್ಲ. ಗಂಧ ತೇಯ್ದಷ್ಟೂ ಪರಿಮಳವೆಂಬುದು ಭಾಷೆಗೂ ಸಲ್ಲುವ ಮಾತು.